ಏನೂ ಆಗದ ದಿನದ ಲೆಕ್ಕ

ಕಳೆದ ಮಳೆಗಾಲದ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ನಮ್ಮ ಕನ್ನಡ ಶಾಲೆಯ ಹಿಂದಿನ ಬೆಂಚಿನಲ್ಲಿ ಕುಳಿತಿರುತ್ತಿದ್ದ ಹುಡುಗ ಈಗ ಅಡಿಕೆ ತೋಟ ನೋಡಿಕೊಂಡಿರುವ ಗೃಹಸ್ಥ. ಕಾಫಿ ಕುಡಿದು ಮುಗಿಯುವವರೆಗೂ ಕೊಳೆರೋಗದ ಮಾತು, ಕೂಲಿಯಾಳುಗಳ ಮಾತು. ಏಳುವ ಹೊತ್ತಿಗೆ ಬಂದ ವಿಷಯಕ್ಕೆ ಬಂದ. "ಮಗನಿಗೆ ನೀವೊಂದು ಮಾತು ಹೇಳಬೇಕು ಮಾಷ್ಟ್ರೇ. ಇಂಜಿನಿಯರಿಂಗ್ ಮುಗಿಸಿ ಒಳ್ಳೆಯ ಕೆಲಸದಲ್ಲಿದ್ದ. ಎರಡು ಸಲ ಗುಲ್ಮಾರ್ಗಿಗೆ ಹೋಗಿ ಹಿಮದ ಮೇಲೆ ಜಾರುವುದನ್ನು ಕಲಿತು ಬಂದ. ಈಗ ಕೆನಡಾಕ್ಕೆ ಹೋಗಿ, ಹಿಮ ಕುಸಿದು ಜನ ಸಾಯದ ಹಾಗೆ ಕಾಯುವ ವಿದ್ಯೆ ಕಲಿಯುತ್ತೇನೆ ಅನ್ನುತ್ತಾನೆ. ಅದೂ ಒಂದು ಉದ್ಯೋಗವೇ? ನಿಮ್ಮ ಮಾತು ಕೇಳಿಯಾನು."

ಹಿಮದ ವಿಚಾರದಲ್ಲಿ ಮಾತನಾಡಲು ನನಗೇನು ಅಧಿಕಾರ? ನಮ್ಮಲ್ಲಿ ಇಬ್ಬನಿಗೂ ಮುಸುಕಿದ ಬೆಳಗಿಗೂ ಮಂಜು ಎಂಬ ಒಂದೇ ಮಾತು ಸಾಕು. ನೆರೆಮನೆಯ ಮಲಯಾಳಿಗಳ ಮಞ್ಞೂ ಹಾಗೆಯೇ, ಅದರೊಳಗೆ ಇಬ್ಬನಿ, ಮುಸುಕು, ಹಿಮ ಎಲ್ಲವೂ ಅಡಗುತ್ತವೆ. ಬೇರೆ ಬೇರೆ ಹೆಸರಿಡಬೇಕಾದ ತಾಪತ್ರಯ ನಮಗ್ಯಾರಿಗೂ ಬಂದಿರಲಿಲ್ಲ. ಹಿಮಕುಸಿತವೆಂಬುದು ನಮ್ಮ ಮನೆಗಳೊಳಗೆ ನಿಜವಾಗಿ ಕಾಲಿಟ್ಟದ್ದು 2016ರ ಫೆಬ್ರವರಿಯಲ್ಲಿ. ಸಿಯಾಚಿನ್‌ನಲ್ಲಿ, ಸಮುದ್ರಮಟ್ಟದಿಂದ ಸುಮಾರು 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ಹಿಮದ ಗೋಡೆ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹೂತುಹೋದರು. ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಆರನೆಯ ದಿನ ಜೀವಸಹಿತ ಸಿಕ್ಕಿದರು. ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅದೇ ಹಿಮದಡಿ ಕೊಲ್ಲಂ ಜಿಲ್ಲೆಯ ಸುಧೀಶ್ ಎಂಬ ಯೋಧರೂ ಇದ್ದರು. ಆ ವಾರ ನಮ್ಮ ಊರಿನ ಚಹದಂಗಡಿಯಲ್ಲಿ ಕನ್ನಡ ಪತ್ರಿಕೆಯವರೂ ಮಲಯಾಳ ಪತ್ರಿಕೆಯವರೂ ಒಂದೇ ಸುದ್ದಿಯನ್ನು ಓದಿದರು.

ಹುಡುಗನೊಡನೆ ಫೋನಿನಲ್ಲಿ ಮಾತನಾಡಿದೆ. ಅವನು ಕಳಿಸಿಕೊಟ್ಟ ಬರಹಗಳನ್ನು ಕನ್ನಡಕ ಒರೆಸಿಕೊಂಡು ಓದಿದೆ. ಹಿತೋಪದೇಶ ಮಾಡಲೆಂದು ಹೊರಟವನು ನಾನು. ಕೊನೆಗೆ ನನ್ನದೇ ಒಂದು ಹಳೆಯ ಲೆಕ್ಕವನ್ನು ತಿದ್ದಬೇಕಾಗಿ ಬಂತು. ಆದುದರಿಂದ ಈ ಬರಹ.

ಮೊದಲು ಕೆಲಸವೇನೆಂದು ಹೇಳುತ್ತೇನೆ. ಹಿಮ ಒಂದೇ ದಿನ ಬಿದ್ದದ್ದಲ್ಲ. ಪದರದ ಮೇಲೆ ಪದರ. ನಡುವೆ ಎಲ್ಲೋ ಒಂದು ಪದರ ಬಿಗಿದುಕೊಳ್ಳದೆ ಸಕ್ಕರೆಯ ಹರಳಿನಂತೆ ಬಿಡಿಬಿಡಿಯಾಗಿ ಉಳಿದರೆ, ಅದರ ಮೇಲಿನ ಗಟ್ಟಿ ಹಾಸು ಯಾವ ಕ್ಷಣದಲ್ಲೂ ಹಲಗೆಯಂತೆ ಕಳಚಿ ಜಾರಬಹುದು. ಹೀಗೆ ಜಾರುವುದು ಹೆಚ್ಚಾಗಿ 30ರಿಂದ 45 ಡಿಗ್ರಿ ಓರೆಯಿರುವ ಇಳಿಜಾರುಗಳಲ್ಲಿ, ಅಂದರೆ ಸ್ಕೀ ಆಡುವವರಿಗೆ ಅತ್ಯಂತ ಇಷ್ಟವಾದ ಕಡೆಗಳಲ್ಲಿಯೇ. ಕಾವಲುಗಾರರು ಬೆಳಕು ಹರಿಯುವ ಮೊದಲೇ ಬೆಟ್ಟ ಹತ್ತುತ್ತಾರೆ. ಗುಂಡಿ ತೋಡಿ ಪದರಗಳನ್ನು ಓದುತ್ತಾರೆ, ಉಷ್ಣತೆ ಅಳೆಯುತ್ತಾರೆ, ಸಂದೇಹವಿದ್ದಲ್ಲಿ ಸ್ಫೋಟಕ ಎಸೆದು, ಜನ ಬರುವ ಮೊದಲೇ ಬೀಳಬೇಕಾದದ್ದನ್ನು ಬೀಳಿಸುತ್ತಾರೆ. ಅದೂ ಸಾಲದಿದ್ದರೆ ಹಗ್ಗ ಕಟ್ಟಿ ದಾರಿ ಮುಚ್ಚುತ್ತಾರೆ. ಎರಡನೆಯ ಮಹಾಯುದ್ಧದ ಬಳಿಕ ಅಮೆರಿಕದ ಆಲ್ಟಾದಲ್ಲಿ ಮಾಂಟ್ಗೊಮರಿ ಅಟ್‌ವಾಟರ್ ಎಂಬವರು ಫಿರಂಗಿಯನ್ನೂ ಈ ಕೆಲಸಕ್ಕೆ ಹಚ್ಚಿದರು. ನಮ್ಮ ದೇಶದಲ್ಲಿಯೂ ಸೇನೆಯ ದಾರಿಗಳಿಗಾಗಿ 1969ರಲ್ಲಿ ಮನಾಲಿಯಲ್ಲಿ ಹಿಮಕುಸಿತ ಅಧ್ಯಯನದ ಸಂಸ್ಥೆ ಹುಟ್ಟಿತು. 2020ರಲ್ಲಿ ಅದು ಇನ್ನೊಂದು ಪ್ರಯೋಗಾಲಯದೊಡನೆ ಸೇರಿ ಬೇರೆ ಹೆಸರು ಪಡೆಯಿತು.

ಇಷ್ಟಾದರೂ ಹಿಮ ಕುಸಿದರೆ ಹುಡುಕುವವರೂ ಇವರೇ. ಹೂತುಹೋದವರನ್ನು ಹತ್ತು ಹದಿನೈದು ನಿಮಿಷದೊಳಗೆ ಅಗೆದು ತೆಗೆದರೆ ಬದುಕುವವರೇ ಹೆಚ್ಚು. ಅರ್ಧ ಗಂಟೆ ದಾಟಿತೆಂದರೆ ಸಾಯುವವರೇ ಹೆಚ್ಚು. ಹನುಮಂತಪ್ಪನವರ ಆರು ದಿನವನ್ನು ಲೋಕ ಅಚ್ಚರಿಯೆಂದದ್ದು ಇದಕ್ಕಾಗಿ.

ತಂದೆಯ ಮೊದಲ ಆಕ್ಷೇಪ ಸಾಧಾರಣವಾದುದಲ್ಲ. "ಗಡಿ ಕಾಯುವ ಸೈನಿಕನಾದರೆ ನಾನು ಬೇಡವೆನ್ನುತ್ತಿರಲಿಲ್ಲ ಮಾಷ್ಟ್ರೇ. ಇದು ಹಣವಿದ್ದವರ ಆಟ. ಹಗ್ಗ ದಾಟಬೇಡಿ ಎಂದರೂ ದಾಟುತ್ತಾರೆ. ಅವರಿಗಾಗಿ ನನ್ನ ಮಗ ಯಾಕೆ ಸಾಯಬೇಕು?" ಪ್ರಾಣಾಂತಿಕ ಹಿಮಕುಸಿತಗಳಲ್ಲಿ ಸುಮಾರು ಹತ್ತರಲ್ಲಿ ಒಂಬತ್ತನ್ನು ಎಬ್ಬಿಸಿದವರು ಸತ್ತವರು ಅಥವಾ ಅವರ ಜೊತೆಗಾರರೇ ಎಂದು ಬಲ್ಲವರು ಹೇಳುತ್ತಾರೆ. ಹಾಗಿರುವಾಗ ತಾನಾಗಿ ಅಪಾಯವನ್ನು ಕರೆದುಕೊಂಡವನಿಗೆ ಇನ್ನೊಬ್ಬನ ಪ್ರಾಣದ ಮೇಲೆ ಏನು ಹಕ್ಕು?

ಇದಕ್ಕೆ ನನಗೆ ತೋಚಿದ ಉತ್ತರ ಹೀಗೆ. ಹೆಂಡ ಕುಡಿದು ಬಿದ್ದು ಕಾಲು ಮುರಿದುಕೊಂಡವನ ಕಾಲನ್ನೂ ವೈದ್ಯ ಕಟ್ಟುತ್ತಾನೆ. ಮೊದಲು ಯೋಗ್ಯತೆ ಅಳೆದು ಆಮೇಲೆ ನೆರವಾಗಲು ಹೊರಟರೆ ನಮ್ಮಲ್ಲಿ ಎಷ್ಟು ಮಂದಿ ನೆರವಿಗೆ ಅರ್ಹರಾಗಿ ಉಳಿದೇವು? ಅಮೆರಿಕದ ರಾಷ್ಟ್ರೀಯ ಸ್ಕೀ ಕಾವಲು ಪಡೆಯನ್ನು 1938ರಲ್ಲಿ ಕಟ್ಟಿದವರು ಮಿನಟ್ ಡೋಲ್. ಅದಕ್ಕೆ ಎರಡು ವರ್ಷ ಮೊದಲು ಅವರೇ ಜಾರಿ ಕಾಲು ಮುರಿದುಕೊಂಡಿದ್ದರು. ಸ್ವಲ್ಪ ಸಮಯದಲ್ಲೇ ಅವರ ಗೆಳೆಯ ಒಂದು ಸ್ಪರ್ಧೆಯಲ್ಲಿ ಬಿದ್ದು ಸತ್ತರು. ಪಡೆ ಹುಟ್ಟಿದ್ದು ಆಟವಾಡಿದವರ ಅವಿವೇಕವನ್ನು ಖಂಡಿಸಲಿಕ್ಕಲ್ಲ, ಬಿದ್ದಲ್ಲೇ ಬಿಡಬಾರದೆಂಬ ಅರಿವಿನಿಂದ.

ಆದರೆ ಈ ಕರ್ತವ್ಯಕ್ಕೂ ಒಂದು ಎಲ್ಲೆಯಿದೆ. ಅಲ್ಲಿ ಕಲಿಸುವ ಮೊದಲ ಪಾಠವೇ, ಇಳಿಜಾರು ಮತ್ತೆ ಕುಸಿಯುವಂತಿದ್ದರೆ ಹುಡುಕುವವರು ಹಿಂದೆ ಸರಿಯಬೇಕು ಎಂದು. ನಮ್ಮೂರಿನ ಸುರಂಗ ತೋಡುವವರಿಗೆ ಈ ಪಾಠ ಹೊಸದಲ್ಲ. ಮುರಕಲ್ಲಿನೊಳಗೆ ತೆವಳುತ್ತಾ ಹೋಗುವಾಗ ಕೈಯಲ್ಲಿ ಮೇಣದಬತ್ತಿ. ದೀಪ ನಂದಿತೋ, ನೀರು ಇನ್ನು ಒಂದೇ ಮೊಳ ದೂರವೆನಿಸಿದರೂ ಹೊರಗೆ ಬರಬೇಕು.

ಕಾಗದದ ಮೇಲೆ ಸುಲಭ. 1982ರ ಮಾರ್ಚ್ 31ರಂದು ಕ್ಯಾಲಿಫೋರ್ನಿಯಾದ ಆಲ್ಪೈನ್ ಮೆಡೋಸ್ ಎಂಬ ಸ್ಕೀ ಕೇಂದ್ರದಲ್ಲಿ ನಡೆದದ್ದನ್ನು ಓದಿದಾಗ ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ. ಬಿರುಗಾಳಿಯ ಕಾರಣ ಆ ದಿನ ಬೆಟ್ಟವನ್ನೇ ಮುಚ್ಚಿದ್ದರು. ಆದರೂ ಹಿಮ ಕಟ್ಟಡಗಳ ಮೇಲೆಯೇ ಬಂದು ಬಿತ್ತು. ಏಳು ಮಂದಿ ಸತ್ತರು. ಬೆಟ್ಟದ ಮೇಲ್ವಿಚಾರಣೆ ನೋಡುತ್ತಿದ್ದ ಬರ್ನಿ ಕಿಂಗರಿ ಅವರಲ್ಲೊಬ್ಬರು. ಹುಡುಕಾಟವನ್ನು, ಮತ್ತೆ ಕುಸಿಯುವ ಭಯದಿಂದ, ನಡುವೆ ನಿಲ್ಲಿಸಬೇಕಾಯಿತು. ಅನ್ನಾ ಕಾನ್ರಡ್ ಎಂಬ ಯುವತಿ ಅಷ್ಟು ಹೊತ್ತೂ ಕುಸಿದ ಕಟ್ಟಡದೊಳಗೆ ಒಂದು ಸಣ್ಣ ಸಂದಿನಲ್ಲಿ ಜೀವ ಹಿಡಿದುಕೊಂಡಿದ್ದಳು. ಐದನೆಯ ದಿನ ಸಿಕ್ಕಿದಳು. ಒಂದು ಕಾಲನ್ನು ಮೊಣಕಾಲಿನ ಕೆಳಗೆ ಕಳೆದುಕೊಂಡಳು, ಆದರೆ ಬದುಕಿದಳು.

ಹುಡುಕಾಟ ನಿಲ್ಲಿಸಿದ್ದು ಸರಿಯೇ? ಅವಳು ಬದುಕಿದ್ದರಿಂದ ಸರಿಯಾಯಿತೇ? ಆ ನಡುವೆ ಸತ್ತಿದ್ದರೆ ತಪ್ಪಾಗುತ್ತಿತ್ತೇ? ಅಗೆಯುವವರು ಇನ್ನೊಂದು ಕುಸಿತಕ್ಕೆ ಸಿಕ್ಕಿದ್ದರೆ? ಯೋಚಿಸುತ್ತಾ ಹೋದಂತೆ, ಮುಂದೆ ಏನಾಯಿತೆಂಬುದು ಈ ಪ್ರಶ್ನೆಗೆ ಉತ್ತರವಾಗಲಾರದು ಎನ್ನಿಸಿತು. ಆ ಹೊತ್ತಿಗೆ ಅವರಿಗೆ ಏನು ತಿಳಿದಿತ್ತು, ತಿಳಿಯಲು ಎಷ್ಟು ಶ್ರಮಪಟ್ಟಿದ್ದರು ಎಂಬುದರ ಮೇಲೆಯೇ ಆ ನಿರ್ಣಯದ ಸರಿತಪ್ಪು ನಿಲ್ಲಬೇಕು.

ಇಲ್ಲಿ ಓದುಗರು ನನ್ನನ್ನು ತಡೆದು ಕೇಳಬಹುದು: ಹಾಗಾದರೆ ಯಾರು ಬೇಕಾದರೂ "ನನಗೆ ತಿಳಿದಷ್ಟು ಮಾಡಿದೆ" ಎಂದು ಕೈತೊಳೆದುಕೊಳ್ಳಬಹುದಲ್ಲ? ಹೌದು. ಈ ಪ್ರಶ್ನೆಯೇ ನನ್ನನ್ನು ಹಳೆಯ ಸಂಕದ ಬಳಿಗೆ ಕರೆದೊಯ್ದದ್ದು.

1987ರ ಮಳೆಗಾಲ. ನಮ್ಮ ಶಾಲೆಗೂ ಆಚೆ ದಂಡೆಯ ಮನೆಗಳಿಗೂ ನಡುವೆ ತೋಡು. ತೋಡಿಗೆ ನಾಲ್ಕು ಅಡಿಕೆ ಮರ ಜೋಡಿಸಿ ಕಟ್ಟಿದ ಸಂಕ. ಸಂಜೆ ಮಕ್ಕಳನ್ನು ದಾಟಿಸುವ ಸರದಿ ಆ ವರ್ಷ ನನ್ನದು ಮತ್ತು ಮಲಯಾಳ ವಿಭಾಗದ ಒಬ್ಬ ಟೀಚರದ್ದು. ಜುಲೈ ಮೊದಲ ವಾರದಲ್ಲಿ ಅವರು ಸಂಕದ ಬುಡವನ್ನು ಕೊಡೆಯ ತುದಿಯಿಂದ ಕುತ್ತಿ ನೋಡಿ, ಮಣ್ಣು ಸಡಿಲವಾಗಿದೆ, ಇದು ಬೇಡ ಎಂದರು. ಅಂದಿನಿಂದ ತಮ್ಮ ಮಕ್ಕಳನ್ನು ಸುತ್ತುದಾರಿಯಲ್ಲಿ, ಸೇತುವೆಯ ಮೇಲಿಂದ, ಒಂದು ಮೈಲು ಹೆಚ್ಚು ನಡೆಸಿಕೊಂಡು ಹೋದರು. ಮಳೆಯಲ್ಲಿ ನೆನೆದುಬಂದ ಮಕ್ಕಳ ಮನೆಯವರು ಅವರನ್ನೇ ಬೈದರು. ನಾನು ನಕ್ಕೆ. "ಎಷ್ಟು ವರ್ಷದಿಂದ ಇದೆ, ಏನೂ ಆಗಿಲ್ಲವಲ್ಲ" ಎಂದೆ. ನನ್ನ ಮಕ್ಕಳು ಆ ತಿಂಗಳೆಲ್ಲ ಸಂಕದ ಮೇಲೆಯೇ ದಾಟಿದರು. ಒಂದು ಶನಿವಾರದ ರಾತ್ರಿ ಸಂಕ ಕೊಚ್ಚಿಹೋಯಿತು. ಮರುದಿನ ಭಾನುವಾರ. ಊರವರು ದೇವರ ದಯೆ ಎಂದರು. ನಾನೂ ಹಾಗೆಯೇ ಎಂದು, ಎಷ್ಟೋ ವರ್ಷ ಅದನ್ನೊಂದು ತಮಾಷೆಯ ಕತೆಯಾಗಿ ಹೇಳುತ್ತಾ ಬಂದೆ.

ಹಿಮದ ಬೆಟ್ಟ ಮನುಷ್ಯನಿಗೆ ಕಲಿಸುವ ಕೆಟ್ಟ ಪಾಠವೂ ಇದುವೇ. ಅಪಾಯದ ಇಳಿಜಾರು ಕೂಡ ಹೆಚ್ಚಿನ ದಿನ ಕುಸಿಯುವುದಿಲ್ಲ. ದಾಟಿದವನು ತನ್ನ ತಿಳಿವಳಿಕೆಯಿಂದ ದಾಟಿದೆನೆಂದುಕೊಳ್ಳುತ್ತಾನೆ. ಇಯಾನ್ ಮೆಕ್ಯಾಮನ್ ಎಂಬವರು ಅಮೆರಿಕದ 715 ಹಿಮಕುಸಿತದ ಅಪಘಾತಗಳನ್ನು ಪರಿಶೀಲಿಸಿ 2004ರಲ್ಲಿ ಬರೆದ ಪ್ರಬಂಧದಲ್ಲಿ, ಮನುಷ್ಯರನ್ನು ಅಲ್ಲಿ ಬೀಳಿಸುವ ಆರು ಬಲೆಗಳನ್ನು ಎಣಿಸಿದ್ದಾರೆ. ಅವುಗಳಲ್ಲಿ ಮೊದಲನೆಯದು ಪರಿಚಯ: ಇದು ನನಗೆ ಗೊತ್ತಿರುವ ಜಾಗ, ಇಲ್ಲಿ ಹಿಂದೆ ಏನೂ ಆಗಿಲ್ಲ. ಓದಿದಾಗ ನನ್ನದೇ ಮಾತನ್ನು ಯಾರೋ ದೂರದೇಶದಲ್ಲಿ ಬರೆದಿಟ್ಟಂತಾಯಿತು.

ಕೈತೊಳೆದುಕೊಳ್ಳುವವನಿಗೂ ಕರ್ತವ್ಯ ಮಾಡಿದವನಿಗೂ ಇರುವ ಅಂತರ ಆಗ ಸ್ಪಷ್ಟವಾಯಿತು. ಟೀಚರ್ ಕೊಡೆಯಿಂದ ಕುತ್ತಿ ನೋಡಿದರು, ನಾನು ನೋಡಲಿಲ್ಲ. ಅವರಿಗೆ ಸಂದೇಹವಿತ್ತು, ಅದನ್ನು ಬಾಯಿಬಿಟ್ಟು ಹೇಳಿದರು. ನಾನು ನಗುವಿನಿಂದ ಮುಚ್ಚಿದೆ. ಹಿಮದ ಕಾವಲಿನವರಲ್ಲಿ ತಂಡದ ಅತಿ ಕಿರಿಯನಿಗೂ "ಇಂದು ಬೇಡ" ಎನ್ನುವ ಹಕ್ಕಿರಬೇಕೆಂದು ಕಲಿಸುತ್ತಾರಂತೆ. ಗುಂಡಿ ತೋಡಿದ್ದನ್ನು, ಕಂಡದ್ದನ್ನು, ಮುಚ್ಚಿದ ದಾರಿಯನ್ನು ಪ್ರತಿದಿನ ಬರೆದಿಡುತ್ತಾರೆ. ಏನೂ ಆಗದ ದಿನದ ಪುಟವನ್ನು ಕೂಡ.

ಆ ಪುಟಗಳನ್ನು ಓದಿ ಯಾರೂ ಸನ್ಮಾನ ಮಾಡುವುದಿಲ್ಲ. 2024ರ ಡಿಸೆಂಬರ್ ಕೊನೆಯಲ್ಲಿ ಅಮೆರಿಕದ ಪಾರ್ಕ್ ಸಿಟಿಯ ಸ್ಕೀ ಕಾವಲುಗಾರರು, ಗಂಟೆಗೆ 21 ಡಾಲರಿದ್ದ ಆರಂಭದ ಕೂಲಿಯನ್ನು 23ಕ್ಕೆ ಏರಿಸಬೇಕೆಂದು ಮುಷ್ಕರ ಹೂಡಿದರು. ಅವರಿಲ್ಲದೆ ಬೆಟ್ಟದ ಬಹುಭಾಗವನ್ನು ತೆರೆಯಲಾಗಲಿಲ್ಲ. ರಜೆಗೆ ಬಂದವರು ಗಂಟೆಗಟ್ಟಲೆ ಸಾಲಿನಲ್ಲಿ ನಿಂತರು. ಸುಮಾರು ಎರಡು ವಾರದಲ್ಲಿ ಕೂಲಿ ಏರಿತು. ಕಾಯುವವನ ಬೆಲೆ ಅವನು ಇಲ್ಲದ ದಿನವೇ ತಿಳಿಯಬೇಕೇ ಎಂದು ನಾವು ದೂರದವರನ್ನು ಕೇಳುವುದು ಬೇಡ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್ಮಲೆಗಳ ಮೇಲೆ ಉರುಳ್‌ಪೊಟ್ಟಲ್ ಬಂದು ಇನ್ನೂರೈವತ್ತಕ್ಕೂ ಹೆಚ್ಚು ಜನರನ್ನು ಕೊಂಡೊಯ್ದಿತು. ಮಣ್ಣಿನಿಂದ ಎತ್ತಿದವರಿಗೆ ನಾವೆಲ್ಲ ಕೈಮುಗಿದೆವು, ಮುಗಿಯಲೇಬೇಕು. ಆದರೆ ಮಳೆಮಾಪಕ ನೋಡಿ "ಇಂದು ರಾತ್ರಿ ಮನೆ ಬಿಡಿ" ಎಂದು ಹೇಳುವವನನ್ನು, ಆ ರಾತ್ರಿ ಏನೂ ಆಗದೆ ಬೆಳಗಾದರೆ, ನಾವು ಹೇಗೆ ನೋಡುತ್ತೇವೆ? ಮೂರನೆಯ ಸಲ ಹೇಳಿದಾಗ ಏಳುತ್ತೇವೆಯೇ?

ಹುಡುಗನಿಗೆ ನಾನು ಹೋಗು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಗುಲ್ಮಾರ್ಗಿನ ಮೇಲಿನ ಅಫರ್ವತ್ ಬೆಟ್ಟದಲ್ಲಿ 2023ರ ಫೆಬ್ರವರಿಯಲ್ಲಿ ಪೋಲೆಂಡಿನ ಇಬ್ಬರು ಸತ್ತದ್ದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅಲ್ಲಿಯ ಬೆಟ್ಟಗಳಿಗೂ ಕಲಿತ ಕಾವಲುಗಾರರು ಬೇಕು, ಕಲಿತು ಹಿಂದೆ ಬರುತ್ತೇನೆ ಎಂದ. ಕೂಲಿ ಕಡಿಮೆ, ಕೆಲಸ ಚಳಿಗಾಲಕ್ಕೆ ಮಾತ್ರ, ಬೇಸಗೆಗೆ ಬೇರೆ ದಾರಿ ನೋಡಿಕೋ ಎಂದೆ. ಆಮೇಲೆ ಸಂಕದ ಕತೆ ಹೇಳಿದೆ, ಈ ಬಾರಿ ತಮಾಷೆಯಾಗಿ ಅಲ್ಲ. "ನಿನ್ನ ಸಂದೇಹವನ್ನು ನಗುವವರ ಎದುರು ಹೇಳಬಲ್ಲೆಯಾದರೆ ಹೋಗು. ಅದಾಗದಿದ್ದರೆ ನಿನ್ನ ಸ್ಕೀ ವಿದ್ಯೆ ಯಾರನ್ನೂ ಕಾಯದು" ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಟೀಚರ್ ಈಗ ಎಲ್ಲಿದ್ದಾರೆ?" ಎಂದು ಕೇಳಿದ. ಅವರು ತೀರಿಕೊಂಡು ಆರು ವರ್ಷವಾಯಿತು. ನೀವು ಹೇಳಿದ್ದು ಸರಿಯಾಗಿತ್ತು ಎಂದು ನಾನು ಅವರಿಗೆ ಒಮ್ಮೆಯೂ ಹೇಳಿರಲಿಲ್ಲ.

ಅವರ ಮಕ್ಕಳಿಗೂ ಏನೂ ಆಗಲಿಲ್ಲ, ನನ್ನ ಮಕ್ಕಳಿಗೂ ಏನೂ ಆಗಲಿಲ್ಲ. ಫಲದಲ್ಲಿ ನಾವಿಬ್ಬರೂ ಸಮಾನರು. ಮೂವತ್ತಕ್ಕೂ ಹೆಚ್ಚು ವರ್ಷ ಈ ಸಮಾನತೆಯ ಮರೆಯಲ್ಲಿ ನಾನು ನೆಮ್ಮದಿಯಾಗಿದ್ದೆ.

ಮುಂದಿನ ವಾರ ತಂದೆ ಮತ್ತೆ ಬಂದ. ಮಗ ಹೊರಡುವುದು ನಿಶ್ಚಯವಾಗಿತ್ತು. ಮುಖದಲ್ಲಿ ಅಸಮಾಧಾನವೂ ಇತ್ತು, ಏನೋ ಒಂದು ಹೆಮ್ಮೆಯೂ ಇತ್ತು. ಬಾಗಿಲಲ್ಲಿ ನಿಂತು ಕೊಡೆ ಬಿಡಿಸುತ್ತಿದ್ದಾಗ ನಾನು ಹೇಳಿದೆ: "ಆ ವರ್ಷ ನೀನು ಮೂರನೇ ಕ್ಲಾಸಿನಲ್ಲಿದ್ದೆ. ಸಂಕದ ಮೇಲೆ ದಿನವೂ ನಿನ್ನನ್ನು ದಾಟಿಸಿದವನು ನಾನು. ಅದು ತಪ್ಪಾಗಿತ್ತು."

ಅವನಿಗೆ ಸಂಕದ ನೆನಪೇ ಇರಲಿಲ್ಲ. ನಕ್ಕುಬಿಟ್ಟ. "ಏನೂ ಆಗಲಿಲ್ಲವಲ್ಲ ಮಾಷ್ಟ್ರೇ" ಎಂದು ಹೇಳಿ ಮಳೆಯಲ್ಲಿ ಇಳಿದು ಹೋದ.