ಆಳವೋ ಎತ್ತರವೋ

ಕೆರೆಯನ್ನಲ್ಲದೆ ಕಡಲನ್ನು ಕಾಣದ ನಮ್ಮ ಬಿಳಿಕೆರೆಯ ಸೀಮೆಯ ತರುಣನೊಬ್ಬನು ನೌಕಾಧಿಕಾರಿಯಾದನೆಂದು ಭಾವಿಸೋಣ. ಜಲಾಂತರ್ಗಾಮಿಯೋ ವಿಮಾನವೋ ಎಂಬ ಆಯ್ಕೆಯು ಅವನ ಮುಂದಿರುವುದು.

೧೯೭೧ರ ಯುದ್ಧದಲ್ಲಿ ವಿಕ್ರಾಂತ ನೌಕೆಯಿಂದೆದ್ದ ವಿಮಾನಗಳು ಚಿತ್ತಗಾಂಗ್ ಬಂದರಿನ ಮೇಲೆ ಎರಗಿದುದನ್ನು ದೇಶವೆಲ್ಲ ಕೊಂಡಾಡಿತು. ೧೯೬೭ರಲ್ಲಿ ಸೇವೆಗೆ ಸೇರಿದ ನಮ್ಮ ಮೊದಲನೆಯ ಜಲಾಂತರ್ಗಾಮಿ ಕಲ್ವರಿಯ ಕರ್ತವ್ಯವಾದರೋ ಕಣ್ಣಿಗೆ ಬೀಳದಿರುವುದೇ. ಯುದ್ಧವಿಮಾನದವನು ಒಂಟಿಯಾಗಿ ನಿರ್ಣಯಿಸುವನು. ಜಲಾಂತರ್ಗಾಮಿಯಲ್ಲಿ ಎಲ್ಲರ ಪ್ರಾಣವೂ ಒಂದೇ ಗೋಡೆಯೊಳಗಿರುವುದು. ೨೦೧೩ರಲ್ಲಿ ಸಿಂಧುರಕ್ಷಕ ಮುಂಬಯಿಯ ಬಂದರಿನಲ್ಲಿಯೇ ಸಿಡಿದು ಮುಳುಗಿ, ೧೮ ಮಂದಿ ಮಡಿದರು.

ಹಾಗಾದರೆ ಯಾವುದು ಮೇಲು? ಧೈರ್ಯವು ಎರಡಕ್ಕೂ ಬೇಕು, ಅದರಿಂದ ತೂಗಲಾಗದು. ಹೊಗಳುವವರೊಬ್ಬರೂ ಇಲ್ಲದಿದ್ದರೂ ನಾನು ಇದನ್ನೇ ಬಯಸುವೆನೆ ಎಂದು ಅವನು ತನ್ನನ್ನೇ ಕೇಳಿಕೊಳ್ಳಲಿ. ಮನಸ್ಸು ಹೌದೆಂದರೆ, ಆಳವಾಗಲಿ ಎತ್ತರವಾಗಲಿ, ಅದೇ ಅವನ ಸ್ವಧರ್ಮ.