ಇಂದಿನ ಚಿಂತನೆ: ತೊರಕೆ ಮೀನು ಮತ್ತು ಮುಟ್ಟಿದರೆ ಮುನಿ



ನಮ್ಮ ಭಾರತೀನಗರದ ಕಡೆ ಗದ್ದೆ ಬದುಗಳಲ್ಲಿ ಮುಟ್ಟಿದರೆ ಮುನಿ ಬೆಳೆಯುತ್ತದೆ. ಕೈ ತಾಗಿದರೆ ಸಾಕು, ಎಲೆ ಮಡಚಿಕೊಳ್ಳುತ್ತದೆ. ಕರಾವಳಿಯ ಕಡಲಲ್ಲಿ ತೊರಕೆ ಮೀನಿದೆ. ಮರಳಲ್ಲಿ ಹುದುಗಿ ಸುಮ್ಮನೆ ಮಲಗಿರುತ್ತದೆ. ತುಳಿದರೆ ಬಾಲದ ವಿಷಮುಳ್ಳಿನಿಂದ ಚುಚ್ಚುತ್ತದೆ.

ಬಾಡಿಗೆ ಮನೆ ಕೇಳಲು ಹೋದಾಗ "ನೀವು ಯಾವ ಜನ?" ಎಂದು ಕೇಳುತ್ತಾರೆ. ನಮ್ಮಲ್ಲಿ ಕೆಲವರು ಅಲ್ಲೇ ಮುದುಡುವುದನ್ನು, ಕೆಲವರು ಸಿಡಿಯುವುದನ್ನು ನೋಡಿದ್ದೇನೆ. ಗಿಡಕ್ಕೂ ಮೀನಿಗೂ ಅದು ಹುಟ್ಟುಗುಣ, ಅವುಗಳದು ತಪ್ಪಲ್ಲ. ನಮಗಾದರೋ ನೋವಿಗೂ ಉತ್ತರಕ್ಕೂ ನಡುವೆ ಯೋಚಿಸುವ ಒಂದು ಗಳಿಗೆ ಇದೆ. ಆ ಗಳಿಗೆಯಲ್ಲಿ ಎಚ್ಚರವಾಗಿರುವುದನ್ನೇ ಬುದ್ಧರು ಕಲಿಸಿದರು.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಯ ನೀರು ಕುಡಿದರು. ಅದೇ ದಿನ ನಮ್ಮ ಜನರ ಮೇಲೆ ಹಲ್ಲೆಯಾಯಿತು. ತಿರುಗಿ ಹೊಡೆಯದಂತೆ ಅವರು ತಡೆದರು. ಆದರೆ ಕೆರೆಯ ಹಕ್ಕು ಬಿಡಲಿಲ್ಲ. ಕೋರ್ಟಿನಲ್ಲಿ ಹೋರಾಡಿ 1937ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ಗೆದ್ದರು. ಮುದುಡಲೂ ಇಲ್ಲ, ವಿಷ ಕಾರಲೂ ಇಲ್ಲ.

ಇವತ್ತು ಯಾರಾದರೂ ಚುಚ್ಚಿ ಮಾತಾಡಿದರೆ ಮೊದಲು ಒಂದು ಉಸಿರನ್ನು ಗಮನಿಸೋಣ. ಆಮೇಲೆ ತಲೆಯೆತ್ತಿ, ದ್ವೇಷವಿಲ್ಲದೆ, ಹೇಳಬೇಕಾದ್ದನ್ನು ಹೇಳೋಣ.

ಭವತು ಸಬ್ಬ ಮಂಗಲಂ.