ಪಾರ್ಟಿನ ಹೆಸರು, ಮನುಷ್ಯನ ಹೆಸರು

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ನಸುಕಿನ ಬಸ್ಸಿನಲ್ಲಿ ಮಾತು ಕಡಿಮೆ. ಮೊನ್ನೆ ಪಕ್ಕದ ಸೀಟಿನ ಹಿರಿಯರೊಬ್ಬರು ಮೊಬೈಲಿನಲ್ಲಿ ಹಳೆಯ ಕಾಮಿಡಿ ತುಣುಕು ನೋಡುತ್ತ ತಮ್ಮಷ್ಟಕ್ಕೆ ನಗುತ್ತಿದ್ದರು. ಹರಿದ ಅಂಗಿ, ಒಳಗೆ ಹೋದ ಕೆನ್ನೆ, ತೂರಾಡುವ ನಡಿಗೆಯ ನಟ. "ಏನ್ ಮಾಡ್ತಾನ ನೋಡ್ರಿ ಇಂವ! ಏನ್ರೀ ಇವನ ಹೆಸರು?" ಎಂದು ನನ್ನತ್ತ ತಿರುಗಿಸಿದರು. ಹಿಂದಿನ ಸೀಟಿನವರು ಬಗ್ಗಿ ನೋಡಿ, "ಕುಡುಕನ ಪಾರ್ಟು ಮಾಡಾಂವ ಅಲ್ಲೇನು? ಭಿಕ್ಷುಕನೂ ಆಗ್ತಾನ" ಎಂದರು. ಹೆಸರು ಅವರ ಬಾಯಿಗೂ ಬರಲಿಲ್ಲ. ನನಗೆ ಗೊತ್ತಿತ್ತು, ಯಾಕೋ ಕೂಡಲೇ ಹೇಳಲಿಲ್ಲ.

ವೈಜನಾಥ ಬಿರಾದಾರ. ಬೀದರ ಜಿಲ್ಲೆಯವರು. ದಶಕಗಳ ಕಾಲ ಕನ್ನಡ ಸಿನಿಮಾ ಅವರಿಗೆ ಕೊಟ್ಟಿದ್ದು ಬಹುತೇಕ ಎರಡೇ ನಿಮಿಷ. ನಾಯಕನಿಗಾದರೆ ತಾನು ಯಾರೆಂದು ತಿಳಿಸಲು ಎರಡೂವರೆ ತಾಸು, ನಾಲ್ಕು ಹಾಡು, ಒಂದು ಹೊಡೆದಾಟ ಇರುತ್ತದೆ. ಎರಡು ನಿಮಿಷದವನಿಗೆ ಅದೆಲ್ಲ ಎಲ್ಲಿ? ಬಾಗಿಲಲ್ಲಿ ಕಾಲಿಡುವಾಗಲೇ ಅವನ ಹಸಿವು, ಸಾಲ, ನಿನ್ನೆ ರಾತ್ರಿಯ ಜಗಳ ಎಲ್ಲವೂ ಮೈಮೇಲೆ ಕಾಣಬೇಕು.

ಆ ಮೈಯನ್ನೇ ಗಿರೀಶ ಕಾಸರವಳ್ಳಿಯವರು 'ಕನಸೆಂಬೋ ಕುದುರೆಯನೇರಿ' ಚಿತ್ರದಲ್ಲಿ ಹೊತ್ತುಗಟ್ಟಲೆ ನೋಡುವಂತೆ ಮಾಡಿದರು. ಕತೆ ನಮ್ಮದೇ ರಾಯಚೂರು ಜಿಲ್ಲೆಯ ಅಮರೇಶ ನುಗಡೋಣಿಯವರ 'ಸವಾರಿ'. ಕುಣಿ ತೋಡುವ ಈರ್ಯನಿಗೆ ಕನಸಿನಲ್ಲಿ ಸಿದ್ಧ ಬಂದನೆಂದರೆ ಊರಲ್ಲಿ ಯಾರೋ ತೀರಿಕೊಂಡರೆಂದೇ ಅರ್ಥ. ಒಂದು ದಿನ ಕನಸು ಬೀಳುತ್ತದೆ. ವಾಡೆಯವರು ಸಾವು ಆಗಿಯೇ ಇಲ್ಲ ಅನ್ನುತ್ತಾರೆ. ಆಗಿರುತ್ತದೆ, ಮುಚ್ಚಿಟ್ಟಿರುತ್ತಾರೆ. ತನ್ನ ಕನಸೇ ಸುಳ್ಳಾಯಿತೇ ಎಂದು ಕುಗ್ಗುವ ಈರ್ಯನನ್ನು ನೋಡುವಾಗ ಹೊಳೆಯುತ್ತದೆ: ಇದೇ ಬಾಗಿದ ಬೆನ್ನಲ್ಲವೇ, ಇದೇ ಬಡಕಲು ಕತ್ತಲ್ಲವೇ, ಇಷ್ಟು ದಿನ ನಾವು ನಗುತ್ತಿದ್ದದ್ದು? ಪಕ್ಕದಲ್ಲಿ ಹೆಂಡತಿಯಾಗಿ ಉಮಾಶ್ರೀ ಇದ್ದರೂ ಕಣ್ಣು ಅವನನ್ನು ಬಿಡುವುದಿಲ್ಲ. ಚಿತ್ರಕ್ಕೆ ಕನ್ನಡದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂತು. 2011ರಲ್ಲಿ ಮ್ಯಾಡ್ರಿಡ್‌ನ ಇಮ್ಯಾಜಿನ್ ಇಂಡಿಯಾ ಚಿತ್ರೋತ್ಸವ ಬಿರಾದಾರರನ್ನು ಅತ್ಯುತ್ತಮ ನಟ ಎಂದಿತು. ಸ್ಪೇನಿನವರು ಹೆಸರು ಹಿಡಿದು ಕರೆದರು. ನಾವಿನ್ನೂ 'ಕುಡುಕನ ಪಾರ್ಟಿನಾಂವ' ಅನ್ನುತ್ತಿದ್ದೇವೆ.

ಇದು ನಮ್ಮೊಬ್ಬರ ಮರೆವಲ್ಲ ಅನ್ನಿ. ಸ್ಕಾಟ್ಲೆಂಡಿನ ರಾಬಿ ಕೋಲ್ಟ್ರೇನ್ ಟೀವಿಯ 'ಕ್ರ್ಯಾಕರ್'ನಲ್ಲಿ ಅಪರಾಧಿಗಳ ಮನಸ್ಸು ಬಗೆಯುವ, ಕುಡಿತ ಜೂಜು ಬಿಡಲಾಗದ ಮನಃಶಾಸ್ತ್ರಜ್ಞನಾಗಿ ಸಾಲಾಗಿ ಮೂರು ವರ್ಷ ಬಾಫ್ಟಾ ಪ್ರಶಸ್ತಿ ಪಡೆದವರು. ಮಕ್ಕಳ ಪಾಲಿಗೆ ಅವರು ಹ್ಯಾರಿ ಪಾಟರ್‌ನ ದೈತ್ಯ ಹ್ಯಾಗ್ರಿಡ್, ಅಷ್ಟೇ. ಕೋಲ್ಟ್ರೇನ್ ಅನ್ನುವುದಾದರೂ ಹೆತ್ತವರಿಟ್ಟ ಹೆಸರಲ್ಲ, ಜಾಝ್ ವಾದಕ ಜಾನ್ ಕೋಲ್ಟ್ರೇನ್ ಮೇಲಿನ ಪ್ರೀತಿಗೆ ತಾವೇ ಇಟ್ಟುಕೊಂಡದ್ದು. 2022ರಲ್ಲಿ ತೀರಿಕೊಂಡಾಗ ಲೋಕ ಅತ್ತದ್ದು ಹ್ಯಾಗ್ರಿಡ್‌ಗಾಗಿ.

ಅಷ್ಟರಲ್ಲಿ ಮಸ್ಕಿ ಬಂತು. ಗುಡ್ಡದ ಮೇಲೆ ಬೆಳಕು ಹರಿಯುತ್ತಿತ್ತು, ನಿಲ್ದಾಣದ ಬಳಿ ಮಿರ್ಚಿ ಕರಿಯುವ ವಾಸನೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಈ ಭಾಗದಲ್ಲಿ ಚಿನ್ನ ಹುಡುಕುತ್ತ ಬಂದು ಇಲ್ಲಿನ ಬಂಡೆಯ ಮೇಲೆ ಅಕ್ಷರ ಕಂಡ. ಅಲ್ಲಿಯವರೆಗೆ ಸಿಕ್ಕ ಇಂಥ ಶಾಸನಗಳಲ್ಲಿ ಅವನ್ನು ಬರೆಸಿದ ಚಕ್ರವರ್ತಿ ದೇವಾನಾಂಪ್ರಿಯ, ಪ್ರಿಯದರ್ಶಿ, ಬರೀ ಬಿರುದುಗಳು. ಅಶೋಕ ಎಂಬ ಸ್ವಂತ ಹೆಸರು ಕಲ್ಲಿನ ಮೇಲೆ ಮೊದಲು ಸಿಕ್ಕಿದ್ದು ಮಸ್ಕಿಯಲ್ಲಿ. ದೊರೆಯ ಹೆಸರಿಗೇ ಇಷ್ಟು ಕಾಯಬೇಕಾಯಿತು. ಬಿರುದೂ ಒಂದು ಪಾರ್ಟೇ ತಾನೆ?

ಬಿರಾದಾರರ ಪುಣ್ಯ, ಅವರು ಶತಮಾನಗಟ್ಟಲೆ ಕಾಯಲಿಲ್ಲ. ಎಪ್ಪತ್ತರ ಆಸುಪಾಸಿನಲ್ಲಿ, 2023ರಲ್ಲಿ, '90 ಬಿಡಿ ಮನೀಗ್ ನಡಿ' ಎಂಬ ಚಿತ್ರಕ್ಕೆ ಅವರೇ ನಾಯಕರಾದರು. ಅದು ಅವರ 500ನೆಯ ಚಿತ್ರವೆಂದೇ ಪ್ರಚಾರವಾಯಿತು. ಆ ಶೀರ್ಷಿಕೆಯಲ್ಲೂ ಕುಡಿತ ಬಿಟ್ಟುಹೋಗಲಿಲ್ಲ ಅನ್ನುವುದು ಬೇರೆ ಮಾತು.

ಕಾಲುವೆ ನೀರಿನ ಭತ್ತದ ಗದ್ದೆಗಳು ಶುರುವಾದವು, ಸಿಂಧನೂರು ಹತ್ತಿರ. ಹಿರಿಯರು ಮೊಬೈಲು ಜೇಬಿಗೆ ಹಾಕಿ, ಟವೆಲ್ಲು ಕೊಡವಿ ಏಳುತ್ತಿದ್ದರು. ಆಗ ಹೇಳಿದೆ: "ಅವರ ಹೆಸರು ವೈಜನಾಥ ಬಿರಾದಾರ ಅಂತ್ರೀ."

ಅವರು ಒಂದು ಗಳಿಗೆ ನಿಂತರು. "ಬಿರಾದಾರ? ಹಂಗಾದ್ರ ನಮ್ಮ ಕಡೇವ್ರು ಬಿಡ್ರಿ" ಎಂದು ಇಳಿದು ಹೋದರು. ಕುಡುಕ 'ಅಂವ' ಇದ್ದದ್ದು, ಹೆಸರು ಸಿಕ್ಕ ಮೇಲೆ 'ಅವ್ರು' ಆಗಿತ್ತು.